ಹಳದಿ ಚೀಲಕ್ಕೆ ಬೀಳುವ ಮಾಸು ಯಾರ ಸ್ವತ್ತು?

ಶಿಕಾರಿಪುರದ ಆಸ್ಪತ್ರೆಯಲ್ಲಿ ಒಂದು ಹೆರಿಗೆ ಆಯ್ತು ಅಂದುಕೊಳ್ಳಿ. ಮಗು ಅತ್ತಿತು, ತೂಕ ನೋಡಿದರು, ಹೊರಗೆ ಕಾಯ್ತಾ ನಿಂತವರಿಗೆ ಗಂಡೋ ಹೆಣ್ಣೋ ಹೇಳಿದರು. ನಮ್ಮ ಲೆಕ್ಕದಲ್ಲಿ ಅಲ್ಲಿಗೆ ಹೆರಿಗೆ ಮುಗೀತು. ಡಾಕ್ಟರ ಲೆಕ್ಕದಲ್ಲಿ ಮುಗಿದಿಲ್ಲ. ಮಾಸು ಬೀಳಬೇಕು. ಅರ್ಧ ಗಂಟೆಯೊಳಗೆ ಅದು ಹೊರಗೆ ಬರಬೇಕು, ಬಂದದ್ದು ಇಡಿಯಾಗಿ ಇದೆಯಾ ಅಂತ ತಿರುಗಿಸಿ ಮುರುಗಿಸಿ ನೋಡಬೇಕು. ಒಂದು ಚೂರು ಒಳಗೆ ಉಳಿದರೂ ರಕ್ತ ನಿಲ್ಲೋದಿಲ್ಲ, ತಾಯಿಯ ಜೀವಕ್ಕೇ ಸಂಚಕಾರ. ಎಲ್ಲಾ ಸರಿ ಇದೆ ಅಂತ ಖಾತ್ರಿ ಆದಮೇಲೆ ಆ ಮಾಸು ಎಲ್ಲಿಗೆ ಹೋಗುತ್ತೆ? ಒಂದು ಹಳದಿ ಪ್ಲಾಸ್ಟಿಕ್ ಚೀಲಕ್ಕೆ. ಆಮೇಲೆ? ಈ ಪ್ರಶ್ನೆಯನ್ನ ಹೆತ್ತವಳೂ ಕೇಳಲ್ಲ, ಅವಳ ಗಂಡನೂ ಕೇಳಲ್ಲ, ಬಾಣಂತನಕ್ಕೆ ಬಂದ ಅವಳ ಅಮ್ಮನೂ ಈಗ ಕೇಳೋದು ಬಿಟ್ಟಿದ್ದಾಳೆ.

ಪಠ್ಯಪುಸ್ತಕದಲ್ಲಿ ಇದರ ಹೆಸರು ಜರಾಯು. ಮನೆಯಲ್ಲಿ ಯಾರೂ ಹಾಗೆ ಅನ್ನಲ್ಲ. ಮಾಸು ಅಂತಾರೆ, ಸತ್ತೆ ಅಂತಾರೆ, ಕೆಲವು ಕಡೆ ನೇರವಾಗಿ ಕಸ ಅಂತಲೇ ಅಂತಾರೆ. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದ ದಿನ ಮನೆಯವರು ಮೊದಲು ಕೇಳೋದು 'ಕಸ ಬಿತ್ತಾ?' ಅಂತಲೇ. ಹೆಸರು ಕಸವಾದರೂ ನಮ್ಮ ಹಿರಿಯರು ಅದನ್ನ ಕಸದ ಥರ ನೋಡಲಿಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸುತ್ತಿದ್ದ ಕಾಲದಲ್ಲಿ ಅದು ಹಿತ್ತಲಲ್ಲಿ ನಾಯಿ ಕೆದರದಷ್ಟು ಆಳದ ಗುಂಡಿಗೆ ಹೋಗುತ್ತಿತ್ತು. ಹಸುವಿನ ಮಾಸನ್ನ ಹಾಲು ಬರುವ ಮರಕ್ಕೆ, ಆಲಕ್ಕೋ ಮತ್ತೊಂದಕ್ಕೋ, ಕಟ್ಟಿ ಬರುವ ರೂಢಿ ಹಲವು ಕಡೆ ಇತ್ತು. ನಂಬಿಕೆ ಬೇಡ ಅನ್ನೋರು ಬಿಡಿ. ಅದನ್ನ ಏನು ಮಾಡಬೇಕು ಅನ್ನೋ ತೀರ್ಮಾನ ಮನೆಯವರದ್ದಾಗಿತ್ತು, ಅಷ್ಟನ್ನ ಗಮನಿಸಿ.

ಆ ತೀರ್ಮಾನ ಕೈಬಿಟ್ಟು ಹೋದದ್ದು ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ. ಹೋಗಿದ್ದು ಒಳ್ಳೇದೇ. ಹೆರಿಗೆಯಲ್ಲಿ ಸಾಯುವ ತಾಯಂದಿರ ಸಂಖ್ಯೆ ಕಡಿಮೆ ಆಗಿದ್ದು ಅದರಿಂದಲೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗ್ತಿತ್ತು, 2019-21ರ ಹೊತ್ತಿಗೆ ಅದು 97. ಈಗ ಒಂದು ಸಣ್ಣ ಲೆಕ್ಕ ಹಾಕಿ. ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆ. ಒಂದು ಮಾಸು ಸುಮಾರು ಅರ್ಧ ಕಿಲೋ, ಹುಟ್ಟಿದ ಮಗುವಿನ ತೂಕದ ಆರನೇ ಒಂದು ಭಾಗ. ಅಂದರೆ ವರ್ಷಕ್ಕೆ ಐದುನೂರು ಟನ್ ಮನುಷ್ಯರ ಅಂಗಾಂಶ ಆಸ್ಪತ್ರೆಗಳ ಕೈಗೆ ಬರುತ್ತೆ. ಅದು ಹೇಗೆ ಹೋಗಬೇಕು, ಯಾರಿಗೆ ಹೋಗಬೇಕು, ಯಾರು ಮುಟ್ಟಬಾರದು ಅಂತ ಸರ್ಕಾರ ಹೇಳಲೇಬೇಕು. ಹೇಳಿದೆ ಕೂಡ. ಹೇಳಿರೋದು ಒಂದು ಕಡೆ ಅಲ್ಲ, ಐದಾರು ಕಡೆ. ಅಲ್ಲೇ ತಕರಾರು ಇರೋದು.

ಮೊದಲು ಹಳದಿ ಚೀಲದ ಕಾನೂನು ನೋಡೋಣ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016. ಇದಕ್ಕೂ ಮೊದಲು 1998ರ ನಿಯಮ ಇತ್ತು, ಅದನ್ನ ತೆಗೆದು ಇದನ್ನ ತಂದರು. ಹಳದಿ ಚೀಲದ ಪಟ್ಟಿಯಲ್ಲಿ ಮೊದಲನೇದು 'ಮಾನವ ಅಂಗರಚನಾ ತ್ಯಾಜ್ಯ'. ಅಂಗಾಂಶ, ಅಂಗ, ದೇಹದ ಭಾಗ, ಬದುಕುವ ಹಂತ ತಲುಪದ ಭ್ರೂಣ, ಇಷ್ಟು ಅದರಲ್ಲಿ ಬರುತ್ತೆ. ಮಾಸು ಅಂತ ಬೇರೆಯಾಗಿ ಬರೆದಿಲ್ಲ, ಅಂಗಾಂಶ ಅನ್ನೋ ಪದದ ಹೊಟ್ಟೆಯೊಳಗೆ ಅದು ಸೇರಿಕೊಂಡಿದೆ. ಕತ್ತರಿಸಿ ತೆಗೆದ ಕೊಳೆತ ಕಾಲಿಗೂ ಒಂಬತ್ತು ತಿಂಗಳು ಮಗು ಸಾಕಿದ ಮಾಸಿಗೂ ಕಾನೂನಿನಲ್ಲಿ ಒಂದೇ ಸಾಲು! ಚೀಲಕ್ಕೆ ಬಾರ್‌ಕೋಡ್ ಇರಬೇಕು, 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬಾರದು, ಸಾಮೂಹಿಕ ಸಂಸ್ಕರಣಾ ಘಟಕದ ಗಾಡಿ ಬಂದು ಒಯ್ಯಬೇಕು, ಅಲ್ಲಿ ಅದನ್ನ ಸುಡಬೇಕು. 75 ಕಿಲೋಮೀಟರ್ ಒಳಗೆ ಇಂಥ ಘಟಕ ಇದ್ದರೆ ಆಸ್ಪತ್ರೆ ತನ್ನದೇ ಆವರಣದಲ್ಲಿ ಸುಡುವ ವ್ಯವಸ್ಥೆ ಮಾಡಿಕೊಳ್ಳೋ ಹಾಗಿಲ್ಲ. ಘಟಕದ ಸೌಲಭ್ಯವೇ ಸಿಗದ ಹಳ್ಳಿಗಾಡಿಗೆ, ದೂರದ ಜಾಗಗಳಿಗೆ ಮಾತ್ರ ಆಳವಾದ ಗುಂಡಿಯಲ್ಲಿ ಹೂಳೋಕೆ ಅನುಮತಿ.

ಈಗ ಶಿವಮೊಗ್ಗ ಜಿಲ್ಲೆಯ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಜಿಲ್ಲಾ ಕೇಂದ್ರದಿಂದ ಶಿಕಾರಿಪುರ ಐವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋದರೆ ರಸ್ತೆ ಲೆಕ್ಕದಲ್ಲಿ ಎಪ್ಪತ್ತೈದು ದಾಟಿಬಿಡುತ್ತೆ. ಆನವಟ್ಟಿ, ಚಂದ್ರಗುತ್ತಿ ಕಡೆ ಇನ್ನೂ ಮುಂದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದಕ್ಕೊಂದು ದಾರಿ ಮಾಡಿದೆ. 75 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹತ್ತು ಸಾವಿರ ಹಾಸಿಗೆ ಸಿಗದಿದ್ದರೆ ಒಂದು ಘಟಕ 150 ಕಿಲೋಮೀಟರ್‌ವರೆಗೂ ಸೇವೆ ಕೊಡಬಹುದು, ಆದರೆ 48 ಗಂಟೆಯ ಷರತ್ತು ಹಾಗೇ ಇರುತ್ತೆ. ಕಾಗದದ ಮೇಲೆ ಸರಿ. ಆಷಾಢದ ಮಳೆಯಲ್ಲಿ ಸೊರಬದ ಒಳಗಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶನಿವಾರ ರಾತ್ರಿ ಹೆರಿಗೆ ಆದರೆ ಆ ಚೀಲ ಸೋಮವಾರದೊಳಗೆ ಹೊರಡಬೇಕು, ಅಲ್ವಾ? ಹೊರಡದಿದ್ದರೆ ಗುಂಡಿಯೇ ಗತಿ. ಆ ಗುಂಡಿಗೂ ನಿಯಮ ಇದೆ: ಸುಮಾರು ಎರಡು ಮೀಟರ್ ಆಳ, ಅರ್ಧದವರೆಗೆ ಮಾತ್ರ ತ್ಯಾಜ್ಯ, ಮೇಲೆ ಸುಣ್ಣ, ಅದರ ಮೇಲೆ ಮಣ್ಣು, ಪ್ರಾಣಿಗಳು ಒಳಗೆ ಇಳಿಯಬಾರದು, ಅಂತರ್ಜಲಕ್ಕೆ ಸೋಕಬಾರದು. ಮಲೆನಾಡಿನ ಮಳೆಗಾಲದಲ್ಲಿ ಎರಡು ಮೀಟರ್ ತೋಡಿ ಒರತೆ ಬರದ ಜಾಗ ತೋರಿಸಿ ಅಂದರೆ ಗುದ್ದಲಿ ಹಿಡಿದವನು ನಿಮ್ಮ ಮುಖ ನೋಡ್ತಾನೆ. ನಿಯಮ ಬರೆದ ಕೈ ಬಯಲುಸೀಮೆ ನೋಡಿಕೊಂಡು ಬರೆದಿದೆ ಅನ್ನೋದು ನನ್ನ ಅನುಮಾನ.

ನಮ್ಮ ಮಾಸು ನಮಗೆ ಕೊಡಿ, ನಾವೇ ಹೂಳ್ತೀವಿ ಅಂತ ಮನೆಯವರು ಕೇಳಿದರೆ? ಕುಟುಂಬಕ್ಕೆ ಕೊಡಿ ಅನ್ನೋ ಕಲಂ ಈ ನಿಯಮದಲ್ಲಿ ಇಲ್ಲ. ಚೀಲ ಸರಿಯಾಗಿ ಸೇರಬೇಕಾದಲ್ಲಿ ಸೇರಿಸುವ ಹೊಣೆ ಆಸ್ಪತ್ರೆಯದ್ದು. ಹಾಗಾಗಿ ನರ್ಸಮ್ಮ 'ಆಗಲ್ಲ ಕಣಮ್ಮ' ಅಂದರೆ ಅವರ ಮೇಲೆ ಸಿಟ್ಟಾಗಬೇಡಿ.

ಇಲ್ಲಿವರೆಗೆ ಕಸದ ಮಾತಾಯ್ತು. ಈಗ ಇನ್ನೊಂದು ಮಗ್ಗುಲು ನೋಡೋಣ. ಸೊರಬ, ಶಿಕಾರಿಪುರದ ಅಡಿಕೆ ಸೀಮೆಯಲ್ಲಿ ಎಲೆ ಅಡಿಕೆ ತಟ್ಟೆ ಇಲ್ಲದ ಮನೆ ಹುಡುಕೋದು ಕಷ್ಟ. ತಟ್ಟೆಯಲ್ಲಿ ಸುಣ್ಣದ ಡಬ್ಬಿ ಇರುತ್ತೆ, ಈಗ ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲೂ ಬರುತ್ತೆ. ಮೂರು ವರ್ಷದ ಮಗು ಆ ಪ್ಯಾಕೆಟ್ ಹಿಸುಕುತ್ತೆ, ಸುಣ್ಣ ಪಿಚಕ್ಕಂತ ಕಣ್ಣಿಗೆ ಹಾರುತ್ತೆ. ದೇಶದ ಕಣ್ಣಾಸ್ಪತ್ರೆಗಳಿಗೆ ಇದು ಹಳೇ ಪರಿಚಯದ ಅವಘಡ. ಸುಣ್ಣ ಕ್ಷಾರ. ಆಮ್ಲಕ್ಕಿಂತ ಇದು ಕೆಟ್ಟದ್ದು, ಕಣ್ಣಿನ ಒಳಗೊಳಗೇ ಇಳಿಯುತ್ತೆ. ಅಂಥ ಹೊತ್ತಲ್ಲಿ ಮೊದಲ ಕೆಲಸ ನೀರು. ಕಣ್ಣು ಬಿಡಿಸಿ ಕಾಲು ಗಂಟೆಗೂ ಹೆಚ್ಚು ಶುದ್ಧ ನೀರು ಸುರಿಯುತ್ತಲೇ ಇರಬೇಕು, ಸುಣ್ಣದ ಕಣ ಒಳಗೆ ಉಳಿಯಬಾರದು, ಆಮೇಲೆ ಓಡಬೇಕು. ಎಣ್ಣೆ, ತುಪ್ಪ, ಎದೆಹಾಲು ಬೇಡ. ಸುಟ್ಟ ಕಣ್ಣಿನ ಮೇಲೆ ಡಾಕ್ಟರು ಏನು ಹೊದಿಸ್ತಾರೆ ಗೊತ್ತಾ? ಮಾಸಿನ ಒಳಪೊರೆ. ಮಗು ಈಜಾಡುತ್ತಿದ್ದ ನೀರಿನ ಚೀಲದ ಒಳಗಿನ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪೊರೆ. ಆಮ್ನಿಯಾನ್ ಅಂತಾರೆ.

ಇದರ ವಿಶೇಷ ಏನಪ್ಪಾ ಅಂದ್ರೆ, ಇದರೊಳಗೆ ರಕ್ತನಾಳ ಇಲ್ಲ. ಬೇರೆಯವರ ದೇಹ ಇದನ್ನ ಶತ್ರು ಅಂತ ಅಷ್ಟಾಗಿ ತಿರಸ್ಕರಿಸೋದೂ ಇಲ್ಲ. ಉರಿ ಇಳಿಸುತ್ತೆ, ಹೊಸ ಪದರ ಬೆಳೆಯೋಕೆ ಹಾಸಿಗೆಯ ಥರ ನಿಲ್ಲುತ್ತೆ. 1910ರಲ್ಲಿ ಚರ್ಮದ ಗಾಯಕ್ಕೆ ಇದನ್ನ ಬಳಸಿದ ದಾಖಲೆ ಇದೆ, 1940ರಲ್ಲಿ ಕಣ್ಣಿಗೆ, 1995ರಿಂದ ಈಚೆಗೆ ಪ್ರಪಂಚದಾದ್ಯಂತ ಕಣ್ಣಾಸ್ಪತ್ರೆಗಳಲ್ಲಿ ಮಾಮೂಲಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ಇದನ್ನ ಸಂಗ್ರಹಿಸಿ, ಒಣಗಿಸಿ, ಗಾಮಾ ಕಿರಣದಿಂದ ಶುದ್ಧಿ ಮಾಡಿ ಸುಟ್ಟಗಾಯದವರಿಗೆ, ಹುಣ್ಣಿನವರಿಗೆ ಕೊಡುತ್ತಾ ಬಂದಿದೆ. ಕಣ್ಣಿಗೆ ಬೇಕಾದದ್ದನ್ನ ಸಾಮಾನ್ಯವಾಗಿ ಸಿಸೇರಿಯನ್ ಹೆರಿಗೆಯಿಂದಲೇ ತಗೊಳ್ತಾರೆ, ಅಲ್ಲಿ ಸೋಂಕು ತಗುಲುವ ಭಯ ಕಡಿಮೆ. ತಾಯಿಯ ಒಪ್ಪಿಗೆ ಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಪರೀಕ್ಷೆ ಆಗಿರಬೇಕು. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಗೆ ಸಿಗಲ್ಲ ಅನ್ನೋ ಕಾರಣಕ್ಕೆ ಕೆಲವು ತಿಂಗಳು ಬಿಟ್ಟು ತಾಯಿಯ ರಕ್ತವನ್ನ ಇನ್ನೊಮ್ಮೆ ನೋಡಿ, ಆಮೇಲಷ್ಟೇ ಪೊರೆಯನ್ನ ಬಳಕೆಗೆ ಬಿಡುವ ಪದ್ಧತಿಯೂ ಇದೆ.

ಹಾಗಾದ್ರೆ ಇದು ಕಸವೋ, ಔಷಧವೋ, ದಾನವೋ? ಉತ್ತರ ಕೇಳಿದರೆ ತಲೆ ತಿರುಗುತ್ತೆ. ಪೊರೆಯನ್ನ ಇನ್ನೊಬ್ಬರ ಚಿಕಿತ್ಸೆಗೆ ತೆಗೆದರೆ ಅದು ಅಂಗಾಂಶ, ಅಂಗಾಂಗ ಕಸಿ ಕಾಯ್ದೆಯ ಮನೆ. 1994ರಲ್ಲಿ ಆ ಕಾಯ್ದೆ ಬಂದಾಗ ಅದರಲ್ಲಿ ಕಿಡ್ನಿ, ಹೃದಯದ ಮಾತೇ ಇದ್ದಿದ್ದು. ಅಂಗಾಂಶ ಅನ್ನೋ ಪದ ಸೇರಿದ್ದು 2011ರ ತಿದ್ದುಪಡಿಯಲ್ಲಿ. 'ರಕ್ತ ಬಿಟ್ಟು' ಒಂದು ಕೆಲಸ ಮಾಡುವ ಜೀವಕೋಶಗಳ ಗುಂಪು ಅಂತ ಅದರ ವ್ಯಾಖ್ಯೆ. ಅಂಗಾಂಶ ಬ್ಯಾಂಕ್ ನೋಂದಣಿ ಆಗಬೇಕು. ಅಂಗಾಂಶವನ್ನ ದುಡ್ಡಿಗೆ ಮಾರಿದರೆ, ಕೊಂಡರೆ, ದಲ್ಲಾಳಿ ಕೆಲಸ ಮಾಡಿದರೆ 19ಎ ಕಲಂ ಪ್ರಕಾರ ಒಂದರಿಂದ ಮೂರು ವರ್ಷ ಜೈಲು, 5 ಲಕ್ಷದಿಂದ 25 ಲಕ್ಷ ದಂಡ. ಆರೋಗ್ಯ ರಾಜ್ಯದ ವಿಷಯ ಆಗಿರೋದರಿಂದ ಇಂಥ ಕಾಯ್ದೆಯನ್ನ ದೆಹಲಿ ಮಾಡಿದರೆ ಸಾಲದು, ರಾಜ್ಯದ ವಿಧಾನಮಂಡಲವೂ ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು ಅನ್ನೋದು ನೆನಪಿರಲಿ.

ಅದೇ ಮಾಸಿನ ಜೊತೆಗಿರುವ ಹೊಕ್ಕುಳಬಳ್ಳಿಯ ಒಳಗಿನ ರಕ್ತ? ಕಸಿ ಕಾಯ್ದೆ ರಕ್ತವನ್ನ ಹೊರಗಿಟ್ಟಿದೆಯಲ್ಲ, ಹಾಗಾಗಿ ಅದು ಔಷಧ ಮತ್ತು ಪ್ರಸಾಧನ ನಿಯಮಗಳ ಮನೆಗೆ ಹೋಯ್ತು. ಅದನ್ನ ಇಟ್ಟುಕೊಳ್ಳುವ ಬ್ಯಾಂಕಿಗೆ ಔಷಧ ನಿಯಂತ್ರಕರ ಲೈಸೆನ್ಸ್ ಬೇಕು. ಮಾಸನ್ನ ಅರೆದು ತೆಗೆದ ಸಾರ? ಅದೂ ಔಷಧ, ಆದರೆ ಬೇರೆ ಅಧಿಸೂಚನೆ. ಮಾಸಿನ ಜೀವಕೋಶದ ಮೇಲೆ ಸಂಶೋಧನೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ ಮಾರ್ಗಸೂಚಿ. ಏನೂ ಮಾಡದೆ ಬಿಟ್ಟರೆ? ಮಾಲಿನ್ಯ ನಿಯಂತ್ರಣ ಮಂಡಳಿ. ಅರ್ಧ ಕಿಲೋ ಮಾಂಸಕ್ಕೆ ಇಷ್ಟು ಮನೆ! ಒಂದೊಂದು ಬಾಗಿಲಲ್ಲೂ ಒಬ್ಬ ಅಧಿಕಾರಿ ಕೂತಿದ್ದಾನೆ. ಅದನ್ನ ಹೊತ್ತು ಹೆತ್ತವಳಿಗೆ ಮಾತ್ರ ಈ ಓಣಿಯಲ್ಲಿ ಯಾರೂ ಏನೂ ಹೇಳಿಲ್ಲ.

ಮಾಸಿನ ಸಾರದ ಕಥೆಯನ್ನ ಸ್ವಲ್ಪ ಹೇಳಲೇಬೇಕು. ಕಳೆದ ಶತಮಾನದಲ್ಲಿ ಫ್ರಾನ್ಸಿನ ಮೆರಿಯು ಸಂಸ್ಥೆ ಎಷ್ಟೋ ದೇಶಗಳ ಹೆರಿಗೆ ಆಸ್ಪತ್ರೆಗಳಿಂದ ಮಾಸು ತರಿಸಿಕೊಂಡು ಅದರಿಂದ ಅಲ್ಬುಮಿನ್, ಗಾಮಾ ಗ್ಲಾಬ್ಯುಲಿನ್ ತೆಗೆಯುತ್ತಿತ್ತು. ಮಾಸು ಕೊಟ್ಟ ತಾಯಂದಿರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇರಲಿಲ್ಲ. ಏಡ್ಸ್ ಬಂತು, ಆಮೇಲೆ ಮಿದುಳಿನ ಕಾಯಿಲೆ ಹರಡುವ ಭಯ ಬಂತು, 1990ರ ದಶಕದಲ್ಲಿ ಅದು ನಿಂತಿತು. ನಮ್ಮಲ್ಲಿ ಕೋಲ್ಕತ್ತಾದ ಆಲ್ಬರ್ಟ್ ಡೇವಿಡ್ ಕಂಪನಿಯ ಪ್ಲಾಸೆಂಟ್ರೆಕ್ಸ್ ದಶಕಗಳಿಂದ ಇದೆ. ಹೆಸರಲ್ಲೇ ಇದೆ ನೋಡಿ ಅದು ಏನು ಅಂತ. 2011ರಲ್ಲಿ ಕೇಂದ್ರ ಸರ್ಕಾರ ಮಾನವ ಮಾಸಿನ ಸಾರವನ್ನ ಎರಡು ಕೆಲಸಕ್ಕೆ ಮಾತ್ರ ಸೀಮಿತ ಮಾಡಿತು: ಗಾಯ ಮಾಯಿಸೋಕೆ ಮೇಲೆ ಹಚ್ಚೋದು, ಹೆಂಗಸರ ಕಿಬ್ಬೊಟ್ಟೆಯ ಉರಿಯೂತಕ್ಕೆ ಇಂಜೆಕ್ಷನ್. ಮುಖ ಬೆಳ್ಳಗಾಗೋಕೆ, ಮೊಡವೆ ಕಲೆ ಹೋಗೋಕೆ ಅಂತ ಪಕ್ಕದ ಮನೆಯವರು ಹೇಳಿದರು ಅಂತ ತಂದು ಹಚ್ಚಿಕೊಳ್ಳೋದು ಆ ಪಟ್ಟಿಯಲ್ಲಿ ಇಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಯಾಕಂದ್ರೆ ಇಲ್ಲಿ ನಿಮ್ಮ ಜೇಬು ಇದೆ. ಚೊಚ್ಚಲ ಬಸುರಿ ಅಂತ ಗೊತ್ತಾದರೆ ಸಾಕು, ಒಂದು ಫೋನ್ ಬರುತ್ತೆ. 'ಸಾರ್, ಮಗುವಿನ ಹೊಕ್ಕುಳಬಳ್ಳಿ ರಕ್ತ ಕಾಪಾಡಿ ಇಡಿ, ನಾಳೆ ಮಗುವಿಗೆ ಏನೇ ಕಾಯಿಲೆ ಬಂದರೂ ಇದೇ ಔಷಧ.' ಹತ್ತಾರು ಸಾವಿರ ರೂಪಾಯಿ, ಕಂತಲ್ಲೂ ಕಟ್ಟಬಹುದು. ಅಡಿಕೆಗೆ ರೇಟು ಬಂದ ವರ್ಷ ಸಣ್ಣ ಊರುಗಳ ಅಪ್ಪಂದಿರೂ 'ಮಗುವಿಗಲ್ವಾ' ಅಂತ ಕಟ್ಟಿಬಿಡ್ತಾರೆ. ಹೊಕ್ಕುಳಬಳ್ಳಿ ರಕ್ತ ಸುಳ್ಳು ಅಂತ ನಾನು ಹೇಳ್ತಿಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ಡಾಕ್ಟರ್ ಎಲಿಯಾನ್ ಗ್ಲುಕ್‌ಮನ್ ಅವರ ತಂಡ ಫಾಂಕೋನಿ ರಕ್ತಹೀನತೆ ಇದ್ದ ಒಬ್ಬ ಅಮೆರಿಕದ ಹುಡುಗನಿಗೆ ಮೊದಲ ಸಲ ಇದನ್ನ ಕೊಟ್ಟು ಗೆದ್ದಿತು. ಆದರೆ ಗಮನಿಸಿ, ಅದು ಅವನ ರಕ್ತ ಅಲ್ಲ. ಆಗ ತಾನೇ ಹುಟ್ಟಿದ ಅವನ ತಂಗಿಯದ್ದು. ಯಾಕೆ? ಹುಟ್ಟಿನಿಂದ ಬಂದ ಕಾಯಿಲೆ ಆದರೆ ಮಗುವಿನ ಸ್ವಂತ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರುತ್ತೆ. ಥಲಸ್ಸೇಮಿಯಾ ಮಗುವಿಗೆ ಅದರದ್ದೇ ರಕ್ತ ವಾಪಸ್ ಕೊಟ್ಟು ಏನು ಪ್ರಯೋಜನ? ಸ್ವಂತ ರಕ್ತ ಸ್ವಂತಕ್ಕೇ ಬಳಕೆಗೆ ಬರುವ ಸಂಭವ 2,500ರಲ್ಲಿ ಒಂದರಿಂದ 2 ಲಕ್ಷದಲ್ಲಿ ಒಂದು ಅಂತ ಮಕ್ಕಳ ವೈದ್ಯರ ಸಂಘಗಳು ಎತ್ತಿ ಹೇಳುವ ಅಂದಾಜು. ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ಇಂಥ ರಕ್ತದ ಕಾಯಿಲೆ ಇದ್ದು ಎರಡನೇದು ಹುಟ್ಟುತ್ತಿದ್ದರೆ ಆ ಮಾತು ಬೇರೆ, ಆಗ ರಕ್ತರೋಗ ತಜ್ಞರನ್ನ ಕೇಳಿ ಇಡಿಸಿ.

ಇನ್ನೊಂದು ಆಮಿಷ ಇದೆ. ರಕ್ತದ ಜೊತೆ ಬಳ್ಳಿಯನ್ನೂ ಇಡ್ತೀವಿ, ಮಾಸನ್ನೂ ಇಡ್ತೀವಿ, ಪ್ಯಾಕೇಜ್ ತಗೊಳ್ಳಿ ಅಂತ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಮಾಡಿದ 2017ರ ಸ್ಟೆಮ್ ಸೆಲ್ ಸಂಶೋಧನಾ ಮಾರ್ಗಸೂಚಿ ಇದನ್ನ ಖಡಾಖಂಡಿತ ಹೇಳಿದೆ: ಬ್ಯಾಂಕಿಂಗ್‌ಗೆ ಅನುಮತಿ ಇರೋದು ಹೊಕ್ಕುಳಬಳ್ಳಿಯ ರಕ್ತಕ್ಕೆ ಮಾತ್ರ. ಬಳ್ಳಿಯ ಅಂಗಾಂಶ, ಮಾಸು, ಹಲ್ಲು, ಮುಟ್ಟಿನ ರಕ್ತ, ಇವನ್ನ ದುಡ್ಡಿಗೆ ಕೂಡಿಡುವ ವ್ಯಾಪಾರಕ್ಕೆ ಅನುಮತಿ ಇಲ್ಲ. ಆ ಫೋನ್ ಮಾಡಿದವನಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಲೈಸೆನ್ಸ್‌ನಲ್ಲಿ ರಕ್ತ ಬಿಟ್ಟು ಬೇರೆ ಏನು ಬರೆದಿದೆ ಅಂತ.

ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಬೋರ್ಡು ಹಾಕಿದವರ ಬಗ್ಗೆಯೂ ಅದೇ ಮಾರ್ಗಸೂಚಿ ಮಾತಾಡಿದೆ. ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟು ಬೇರೆ ಯಾವ ಬಳಕೆಯೂ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಒಳಗೇ ಆಗಬೇಕು, ಆಗ ರೋಗಿಯಿಂದ ದುಡ್ಡು ಕೇಳುವ ಹಾಗಿಲ್ಲ. ಆಟಿಸಂ ಮಗುವಿನ ಅಪ್ಪ ಅಮ್ಮನಿಂದ ಲಕ್ಷಗಟ್ಟಲೆ ಕಿತ್ತುಕೊಂಡು 'ಮಾಸಿನ ಕೋಶ ಕೊಡ್ತೀವಿ' ಅನ್ನೋನು ಈ ಗೆರೆ ದಾಟಿದ್ದಾನೆ. ಸರಿಯಾದ ದಾರಿ ಹೇಗಿರುತ್ತೆ ಅನ್ನೋದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. ಸ್ಟೆಂಪ್ಯೂಟಿಕ್ಸ್ ಕಂಪನಿ ಮೂಳೆಮಜ್ಜೆಯ ಕೋಶದಿಂದ, ಮಾಸಿನಿಂದಲ್ಲ, ಒಂದು ಚಿಕಿತ್ಸೆ ಮಾಡಿತು. ಹೊಗೆಸೊಪ್ಪಿನ ಚಟದವರಿಗೆ ಕಾಲಿನ ರಕ್ತನಾಳ ಕಟ್ಟಿಕೊಂಡು ಕಾಲು ಕೊಳೆಯುವ ಬರ್ಗರ್ಸ್ ಕಾಯಿಲೆಗೆ. ವರ್ಷಗಟ್ಟಲೆ ಟ್ರಯಲ್ ಮಾಡಿ 2016ರಲ್ಲಿ ಔಷಧ ನಿಯಂತ್ರಕರಿಂದ ಸೀಮಿತ ಅನುಮತಿ ಪಡೆಯಿತು. ಒಂದೇ ಗುಂಪಿನ ಕಾಯಿಲೆಗೆ ಅಷ್ಟು ವರ್ಷ. ಒಂದೇ ಇಂಜೆಕ್ಷನ್‌ನಲ್ಲಿ ಮಂಡಿನೋವು, ಸಕ್ಕರೆ, ಬುದ್ಧಿಮಾಂದ್ಯ ಮೂರೂ ಹೋಗುತ್ತೆ ಅನ್ನೋರು ಎಷ್ಟು ವರ್ಷ ತಗೊಂಡಿದ್ದಾರೆ?

ಹಾಗಂತ ಸಂಶೋಧನೆಯೇ ಬೇಡ ಅಂತ ಬಾಗಿಲು ಹಾಕೋದೂ ತಪ್ಪು. ಸೊರಬದವರಿಗೆ ಅದನ್ನ ನಾನು ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜ್ವರದಲ್ಲಿ ಜನ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗಗಳಿಂದ, ಮನುಷ್ಯರಿಂದ ಮಾದರಿ ತಗೊಂಡು ಹೋಗಿ ಅದೇ ವರ್ಷ ವೈರಸ್ ಹಿಡಿದರು. ಇವತ್ತು ಪ್ರಪಂಚದ ಯಾವ ವೈದ್ಯಕೀಯ ಪುಸ್ತಕ ತೆಗೆದರೂ ಕ್ಯಾಸನೂರು ಹೆಸರಿದೆ. ಆ ರಕ್ತ ಕೊಟ್ಟವರ ಹೆಸರಿಲ್ಲ. ಆ ಕಾಲದಲ್ಲಿ ಒಪ್ಪಿಗೆ ಹೇಗೆ ಪಡೀಬೇಕು ಅನ್ನೋದಕ್ಕೆ ದೇಶದಲ್ಲಿ ನಿಯಮವೇ ಇರಲಿಲ್ಲ. ಐಸಿಎಂಆರ್ ಈ ಬಗ್ಗೆ ಮೊದಲ ಹೇಳಿಕೆ ಹೊರಡಿಸಿದ್ದು 1980ರಲ್ಲಿ, ವಿವರವಾದ ಮಾರ್ಗಸೂಚಿ ತಂದಿದ್ದು 2000ದಲ್ಲಿ, ಅದನ್ನ ಮತ್ತೆ ಬೆಳೆಸಿ ಬರೆದಿದ್ದು 2006 ಮತ್ತು 2017ರಲ್ಲಿ.

ಈಗಿನ ನಿಯಮದಲ್ಲಿ ಮಾಸಿನ ಮೇಲೆ ಅಧ್ಯಯನ ಮಾಡೋರು ಮೊದಲು ಸಂಸ್ಥೆಯ ನೈತಿಕ ಸಮಿತಿಗೆ ಹೋಗಬೇಕು. ಮೆಡಿಕಲ್ ಕಾಲೇಜಿನ ಪಿಜಿ ವಿದ್ಯಾರ್ಥಿಗಳು ಬಿಪಿ ಇರುವ ಬಸುರಿಯರ ಮಾಸು ಹೇಗಿರುತ್ತೆ, ಸಕ್ಕರೆ ಇರುವವರದ್ದು ಹೇಗಿರುತ್ತೆ ಅಂತ ಪ್ರಬಂಧ ಬರೆಯೋದು ಹೊಸದೇನಲ್ಲ. ಒಳ್ಳೆಯ ಕೆಲಸ ಅದು. ತಾಯಿಗೆ ಅವಳ ಭಾಷೆಯಲ್ಲಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು, ಇಲ್ಲ ಅಂದರೂ ಅವಳ ಚಿಕಿತ್ಸೆಗೆ ಏನೂ ಕುಂದು ಬರಬಾರದು. ಒಂದು ಸಂದು ಇದೆ. ಚಿಕಿತ್ಸೆ ಮುಗಿದು ಮಿಕ್ಕ ಮಾದರಿಯಿಂದ ಹೆಸರು ವಿಳಾಸ ತೆಗೆದುಹಾಕಿದ್ದರೆ ನೈತಿಕ ಸಮಿತಿ ಒಪ್ಪಿಗೆಯಿಂದ ವಿನಾಯಿತಿ ಕೊಡಬಹುದು. ಕಸ ಅಂತ ಆಗಲೇ ತೀರ್ಮಾನವಾಗಿರುವ ಮಾಸಿಗೆ ಈ ಸಂದು ದೊಡ್ಡ ಬಾಗಿಲೇ ಆಗಿಬಿಡಬಹುದು ಅನ್ನೋದು ನನ್ನ ಚಿಂತೆ. ಮತ್ತೆ ಆ ಸಹಿ ಯಾವಾಗ ಹಾಕಿಸ್ತಾರೆ? ಆಪರೇಷನ್ ಕಾಗದಗಳ ಕಟ್ಟಿನ ನಡುವೆ, ನೋವು ತಿನ್ನುತ್ತಿರುವ ಹೆಂಗಸಿನ ಹತ್ತಿರ ಅಲ್ಲ, ಗಾಬರಿಯಲ್ಲಿರುವ ಅವಳ ಗಂಡನ ಹತ್ತಿರ. ಮಾಸು ಅವಳದ್ದು, ಹೆಬ್ಬೆಟ್ಟು ಅವನದ್ದು. ಏಳು ತಿಂಗಳಿಗೋ ಎಂಟು ತಿಂಗಳಿಗೋ ತಾಯಿ ಕಾರ್ಡ್ ಹಿಡಿದು ಚೆಕಪ್‌ಗೆ ಬಂದಾಗ ಸಮಾಧಾನವಾಗಿ ಕೂರಿಸಿ ಹೇಳೋಕೆ ಏನಡ್ಡಿ?

ಕೊನೆಯದಾಗಿ, ಯಾವ ಕಂಪನಿಯೂ ಫೋನ್ ಮಾಡದ ಒಂದು ಉಪಯೋಗ ಇದೆ. ಕೆಲವು ಸಲ ಒಂಬತ್ತು ತಿಂಗಳು ತುಂಬಿದ ಮಗು ಹೊಟ್ಟೆಯಲ್ಲೇ ಹೋಗಿಬಿಡುತ್ತೆ. ಮನೆಯಲ್ಲಿ ಮಾತು ಶುರುವಾಗುತ್ತೆ. ಗ್ರಹಣದ ದಿನ ಹೊರಗೆ ಬಂದಳಂತೆ, ಭಾರ ಎತ್ತಿದಳಂತೆ, ಇವಳ ಕಾಲ್ಗುಣವೇ ಹಾಗೆ. ಆ ಮಗು ಯಾಕೆ ಹೋಯ್ತು ಅಂತ ಹೇಳಬಲ್ಲ ಸಾಕ್ಷಿ ಬಹಳ ಸಲ ಆ ಮಾಸೇ. ಅದರೊಳಗೆ ರಕ್ತ ಹೆಪ್ಪುಗಟ್ಟಿತ್ತಾ, ಸೋಂಕು ಇತ್ತಾ, ಬಿಪಿಯಿಂದ ಒಣಗಿತ್ತಾ, ಬಳ್ಳಿ ಅಂಚಿಗೆ ಅಂಟಿತ್ತಾ, ಪೆಥಾಲಜಿ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳ್ತಾರೆ. ಎಲ್ಲಾ ಸಲ ಉತ್ತರ ಸಿಗುತ್ತೆ ಅಂತಲ್ಲ. ಸಿಕ್ಕರೆ ಮುಂದಿನ ಬಸಿರನ್ನ ಉಳಿಸಿಕೊಳ್ಳೋಕೆ ಮೊದಲ ತಿಂಗಳಿಂದಲೇ ಔಷಧ ಶುರು ಮಾಡಬಹುದು. ಸಣ್ಣ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್‌ನಂಥ ಬೋಧನಾ ಆಸ್ಪತ್ರೆ ಇದೆ. ಬೇಕಾಗಿರೋದು ಮುಚ್ಚಳ ಇರುವ ಒಂದು ಅಗಲ ಬಾಯಿಯ ಡಬ್ಬಿ, ಫಾರ್ಮಾಲಿನ್, ಒಂದು ಚೀಟಿ, ಒಯ್ಯೋಕೆ ಒಬ್ಬ ಮನುಷ್ಯ. ಇದನ್ನ ತ್ಯಾಜ್ಯ ನಿಯಮ ತಡೆಯೋದಿಲ್ಲ. ರೋಗ ಪತ್ತೆಗೆ ಕಳಿಸಿದ್ದು ಪರೀಕ್ಷೆ ಮುಗಿದ ಮೇಲಷ್ಟೇ ತ್ಯಾಜ್ಯ.

ಆದರೆ ಮಗು ಕಳೆದುಕೊಂಡ ಮನೆಯವರು ಸುಧಾರಿಸಿಕೊಂಡು 'ಯಾಕೆ ಹೀಗಾಯ್ತು ಡಾಕ್ಟ್ರೇ' ಅಂತ ಕೇಳೋಕೆ ಮೂರು ದಿನ ಬೇಕು. ಹಳದಿ ಚೀಲ 48 ಗಂಟೆಯೊಳಗೆ ಹೊರಟುಹೋಗಿರುತ್ತೆ. ಅಂಥ ಸಂದರ್ಭದಲ್ಲಿ ಜೊತೆಗಿರುವ ಅತ್ತಿಗೆಯೋ ತಮ್ಮನೋ ಯಾರಾದರೂ ಒಬ್ಬರು ಅದೇ ಗಂಟೆಯಲ್ಲಿ ಹೆರಿಗೆ ಕೋಣೆಯ ಬಾಗಿಲಿಗೆ ಹೋಗಿ ಕೇಳಬೇಕು: ಮಾಸನ್ನ ಚೀಲಕ್ಕೆ ಹಾಕಬೇಡಿ ಸಿಸ್ಟರ್, ಪರೀಕ್ಷೆಗೆ ಕಳಿಸಿ, ಎಲ್ಲಿ ಸಹಿ ಹಾಕಬೇಕು ಹೇಳಿ.